ಫಾರ್ಮಾಲ್ಡಿಹೈಡ್ ಸ್ಥಾವರದ ಪ್ರಾಜೆಕ್ಟ್: ತಪ್ಪು ಕಲ್ಪನೆ ಮತ್ತು ವಾಸ್ತವ

ಕೆಮಿಕಲ್ ಎಂಜಿನಿಯರಿಂಗ್ ಓದುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಫಾರ್ಮಾಲ್ಡಿಹೈಡ್ ಸ್ಥಾವರದ ವಿನ್ಯಾಸವನ್ನು ಆರಿಸಿಕೊಳ್ಳುವುದು ಹಳೆಯ ರೂಢಿ. ಕಚ್ಚಾ ವಸ್ತು ಎರಡೇ, ಮೆಥನಾಲ್ ಮತ್ತು ಗಾಳಿ. ಸಮೀಕರಣ ಒಂದು ಸಾಲಿನದು. ಸುಲಭ ಅನ್ನಿಸುವುದರಿಂದಲೇ ಇದರ ಸುತ್ತ ತಪ್ಪು ತಿಳಿವಳಿಕೆ ಹೆಚ್ಚು. ಇವುಗಳಲ್ಲಿ ಹಲವನ್ನು ನಾವೂ ಒಂದು ಕಾಲಕ್ಕೆ ನಂಬಿದ್ದೆವು.

ತಪ್ಪು ಕಲ್ಪನೆ: ಫಾರ್ಮಾಲಿನ್ (ನೀರಿನಲ್ಲಿ ಬೆರೆತ ಫಾರ್ಮಾಲ್ಡಿಹೈಡ್) ಬೇಕಾಗುವುದು ಶವಾಗಾರಕ್ಕೆ, ಲ್ಯಾಬಿನ ಗಾಜಿನ ಜಾಡಿಗಳಿಗೆ. ಅದಕ್ಕೊಂದು ದೊಡ್ಡ ಕಾರ್ಖಾನೆ ಅನಗತ್ಯ.

ವಾಸ್ತವ: ಜಾಡಿಗಳಿಗೆ ಹೋಗುವುದು ಅತ್ಯಲ್ಪ. ಬಹುಪಾಲು ಯೂರಿಯಾ, ಫೀನಾಲ್, ಮೆಲಮೈನ್‌ಗಳ ಜೊತೆ ಸೇರಿ ರಾಳವಾಗುತ್ತದೆ. ಪ್ಲೈವುಡ್ಡಿನ ಪದರಗಳನ್ನು, ಪಾರ್ಟಿಕಲ್ ಬೋರ್ಡಿನ ಮರದ ಚೂರುಗಳನ್ನು ಹಿಡಿದಿಡುವ ಅಂಟು ಇದೇ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್, ಅಂದರೆ ಹಳೆಯ ಮನೆಗಳ ಕಪ್ಪು ಸ್ವಿಚ್ಚು, ಅದೂ ಇದರದ್ದೇ ಕೂಸು. ಹಾಗಾಗಿ ವರದಿಯ ಮಾರುಕಟ್ಟೆ ಅಧ್ಯಾಯದಲ್ಲಿ ಎಣಿಸಬೇಕಾದದ್ದು ಆಸ್ಪತ್ರೆಗಳನ್ನಲ್ಲ, ಪ್ಲೈವುಡ್ ಕಾರ್ಖಾನೆಗಳನ್ನು. ಫಾರ್ಮಾಲಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಆ ನೀರಿಗೂ ಲಾರಿ ಬಾಡಿಗೆ ತೆತ್ತು ದೂರ ಸಾಗಿಸುವುದು ಗಿಟ್ಟುವುದಿಲ್ಲ. ಸ್ಥಾವರ ಕೊಳ್ಳುವವರ ಹತ್ತಿರವೇ ಇರಬೇಕು.

ತಪ್ಪು ಕಲ್ಪನೆ: ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಸಿಕ್ಕರೆ ಪರಿಸರದ ಕಾಗದಪತ್ರ ಮುಗಿದಂತೆ.

ವಾಸ್ತವ: ಮುಗಿಯುವುದಿಲ್ಲ. ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಡಿ ಪೂರ್ವ ಪರಿಸರ ಅನುಮತಿ ಬೇರೆಯೇ ಬೇಕು. ಹರಿಯಾಣದಲ್ಲಿ ಮಂಡಳಿಯ ಸಮ್ಮತಿ ಇದ್ದೂ ಈ ಅನುಮತಿ ಇಲ್ಲದ ಫಾರ್ಮಾಲ್ಡಿಹೈಡ್ ಘಟಕಗಳ ವಿಷಯ 2021ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದಿತ್ತು, 2022ರಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲೆ ತೀರ್ಪು ಕೊಟ್ಟಿತು.

ತಪ್ಪು ಕಲ್ಪನೆ: ಸಮೀಕರಣ ಸರಿದೂಗಿಸಿದರೆ ಬೇಕಾದ ಮೆಥನಾಲ್ ಎಷ್ಟೆಂದು ಗೊತ್ತಾಗುತ್ತದೆ.

ವಾಸ್ತವ: ಗೊತ್ತಾಗುವುದು ಕನಿಷ್ಠ ಪ್ರಮಾಣ ಮಾತ್ರ. ಶೇ. 37ರ ಫಾರ್ಮಾಲಿನ್ ಒಂದು ಟನ್ ಎಂದರೆ 370 ಕಿಲೋ ಫಾರ್ಮಾಲ್ಡಿಹೈಡ್. ಫಾರ್ಮಾಲ್ಡಿಹೈಡಿನ ಅಣುತೂಕ 30, ಮೆಥನಾಲಿನದು 32 ಇರುವುದರಿಂದ ಲೆಕ್ಕಕ್ಕೆ 395 ಕಿಲೋ ಮೆಥನಾಲ್ ಸಾಕು. ಆದರೆ ಇಳುವರಿ ಶೇ. 90 ಎಂದು ಹಿಡಿದರೆ ಅದು 439 ಕಿಲೋ ಆಗುತ್ತದೆ. ದಿನಕ್ಕೆ 100 ಟನ್ನಿನ ಸ್ಥಾವರದಲ್ಲಿ ಈ ವ್ಯತ್ಯಾಸ ಸುಮಾರು 4.4 ಟನ್. ಅದು ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಫಾರ್ಮಿಕ್ ಆಮ್ಲವಾಗಿ ಹೋಗುತ್ತದೆ, ಒಂದಿಷ್ಟು ಮೆಥನಾಲ್ ಆಗಿಯೇ ಉಳಿಯುತ್ತದೆ.

ತಪ್ಪು ಕಲ್ಪನೆ: ಗಾಳಿ ಹೆಚ್ಚು ಬಿಟ್ಟಷ್ಟೂ ಕ್ರಿಯೆ ಚೆನ್ನಾಗಿ ನಡೆಯುತ್ತದೆ. ಇನ್ನು ಕೆಲವರ ಪ್ರಕಾರ, ಮೆಥನಾಲ್ ಆವಿಗೆ ಗಾಳಿ ಬೆರೆಸುವುದೆಂದರೆ ಬಾಂಬು ಕಟ್ಟಿದಂತೆಯೇ.

ವಾಸ್ತವ: ಎರಡೂ ಸರಿಯಲ್ಲ, ಮತ್ತು ಇಡೀ ವಿನ್ಯಾಸದ ಜೀವ ಇರುವುದು ಇಲ್ಲೇ. ಗಾಳಿಯಲ್ಲಿ ಮೆಥನಾಲ್ ಆವಿ ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 6ರಿಂದ 36ರ ನಡುವೆ ಇದ್ದಾಗ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಬಿಸಿ ಏರಿದಂತೆ ಈ ಪಟ್ಟಿ ಇನ್ನೂ ಅಗಲವಾಗುತ್ತದೆ. ಕಡಿಮೆ ಇದ್ದರೆ ಉರಿಯಲು ಇಂಧನ ಸಾಲದು. ಹೆಚ್ಚಿದ್ದರೆ ಆಮ್ಲಜನಕ ಸಾಲದು. ಚೋಕ್ ಎಳೆದೆಳೆದು ಪೆಟ್ರೋಲ್ ತುಂಬಿಕೊಂಡ ಬೈಕ್ ಸ್ಟಾರ್ಟ್ ಆಗದಿರುವುದು ಇದೇ ಕಾರಣಕ್ಕೆ.

ಉದ್ಯಮದ ಎರಡು ದಾರಿಗಳು ಈ ಅಪಾಯದ ಪಟ್ಟಿಯ ಆಚೆಗೊಂದು ಈಚೆಗೊಂದು ನಿಂತಿವೆ. ಬೆಳ್ಳಿ ಕ್ಯಾಟಲಿಸ್ಟಿನ ವಿಧಾನ ಮೆಥನಾಲ್ ಹೆಚ್ಚಿರುವ ಕಡೆ, ಸುಮಾರು 600ರಿಂದ 720 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ. ಕಬ್ಬಿಣ–ಮಾಲಿಬ್ಡಿನಮ್ ಆಕ್ಸೈಡಿನ ವಿಧಾನ ಗಾಳಿ ಹೆಚ್ಚಿರುವ ಕಡೆ, 250ರಿಂದ 400 ಡಿಗ್ರಿಯಲ್ಲಿ. ಬೆಳ್ಳಿಯ ಹಾಸು ಕೆಲವೇ ಸೆಂಟಿಮೀಟರ್ ದಪ್ಪ. ಅನಿಲ ಕ್ಷಣಾರ್ಧದಲ್ಲಿ ಹಾದು ಹೊರಬಂದ ತಕ್ಷಣ ತಣಿಸಬೇಕು. ತಡವಾದರೆ ಫಾರ್ಮಾಲ್ಡಿಹೈಡ್ ಒಡೆದು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಆಗುತ್ತದೆ. ರಿಯಾಕ್ಟರಿನ ಕೆಳಗೇ ಕೂಲರ್ ಕೂರಿಸುವುದು ಈ ಕಾರಣಕ್ಕೆ, ಜಾಗ ಉಳಿಸಲಿಕ್ಕಲ್ಲ.

ಹೆಚ್ಚಿನ ವರದಿಗಳು ಸ್ಥಾವರ ಸಮಸ್ಥಿತಿಯಲ್ಲಿ ಓಡುವ ಹೊತ್ತನ್ನಷ್ಟೇ ಲೆಕ್ಕ ಹಾಕುತ್ತವೆ. ಆದರೆ ಶುರು ಮಾಡುವಾಗ, ನಿಲ್ಲಿಸುವಾಗ ಮಿಶ್ರಣ ಆ ಪಟ್ಟಿಯೊಳಕ್ಕೆ ಜಾರಬಹುದು. ಮೆಥನಾಲ್ ಪಂಪು ನಿಂತರೆ ಗಾಳಿಯ ಬ್ಲೋವರ್ ಏನು ಮಾಡಬೇಕು? ಒತ್ತಡ ಏರಿದರೆ ಒಡೆದು ದಾರಿ ಬಿಡುವ ರಪ್ಚರ್ ಡಿಸ್ಕ್ ಎಲ್ಲಿ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅಪೂರ್ಣ.

ತಪ್ಪು ಕಲ್ಪನೆ: ಬೆಳ್ಳಿ ವಿಧಾನ ಹಳತು, ಆಕ್ಸೈಡ್ ವಿಧಾನ ಹೊಸತು, ಹೊಸದನ್ನೇ ಆರಿಸಬೇಕು.

ವಾಸ್ತವ: ಎರಡೂ ಇಂದಿಗೂ ಚಾಲ್ತಿಯಲ್ಲಿವೆ. ಆಕ್ಸೈಡ್ ವಿಧಾನದಲ್ಲಿ ಇಳುವರಿ ಹೆಚ್ಚು, ಸರಕಿನಲ್ಲಿ ಉಳಿಯುವ ಮೆಥನಾಲ್ ಕಡಿಮೆ. ಆದರೆ ಅಪಾರ ಗಾಳಿಯನ್ನು ತಳ್ಳಬೇಕಾದ್ದರಿಂದ ಬ್ಲೋವರ್, ಕೊಳವೆಗಳೆಲ್ಲ ದೊಡ್ಡವು. ಬೆಳ್ಳಿ ಸ್ಥಾವರ ಚಿಕ್ಕದು, ಅದರ ಉಳಿಕೆ ಅನಿಲದಲ್ಲಿರುವ ಹೈಡ್ರೋಜನ್ ಉರಿಸಿ ಹಬೆ ಪಡೆಯಬಹುದು. ಮೆಥನಾಲ್ ದರ ಮತ್ತು ಗ್ರಾಹಕರ ಬೇಡಿಕೆ ನೋಡಿ ಆರಿಸಬೇಕು.

ತಪ್ಪು ಕಲ್ಪನೆ: ಫಾರ್ಮಾಲ್ಡಿಹೈಡ್ ಅನಿಲ ನೀರಿನಲ್ಲಿ ಸುಮ್ಮನೆ ಕರಗುತ್ತದೆ, ತಂಪಾಗಿಟ್ಟಷ್ಟೂ ಕೆಡದು.

ವಾಸ್ತವ: ಅದು ನೀರಿನ ಜೊತೆ ಕ್ರಿಯೆ ನಡೆಸಿ ಮೆಥಿಲೀನ್ ಗ್ಲೈಕಾಲ್ ಆಗುತ್ತದೆ. ಹೆನ್ರಿಯ ಸರಳ ನಿಯಮ ಹಚ್ಚಿ ಅನಿಲವನ್ನು ನೀರಿಗೆ ಹೀರಿಸುವ ಅಬ್ಸಾರ್ಬರಿನ ಎತ್ತರ ಲೆಕ್ಕ ಹಾಕಿದರೆ ಉತ್ತರ ತಪ್ಪುವುದು ಅದಕ್ಕೇ. ತಣ್ಣಗಾದರೆ ಅಣುಗಳು ಸರಪಳಿಯಾಗಿ ಪ್ಯಾರಾಫಾರ್ಮಾಲ್ಡಿಹೈಡ್ ಎಂಬ ಬಿಳಿ ಗಸಿ ಕೂರುತ್ತದೆ. ವಾಲ್ವಿನ ಸಂದಿಯಲ್ಲಿ ಸುಣ್ಣದಂತೆ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಇದೇ. ಇದನ್ನು ತಡೆಯಲೆಂದೇ ಮೆಥನಾಲ್ ಬೆರೆಸುತ್ತಾರೆ, ಇಲ್ಲವೇ ಟ್ಯಾಂಕನ್ನು ಬೆಚ್ಚಗಿಡುತ್ತಾರೆ.

ತಪ್ಪು ಕಲ್ಪನೆ: ವಾಸನೆ ಬಾರದಿದ್ದರೆ ಅಪಾಯವಿಲ್ಲ. ಇನ್ನು ಕೆಲವರ ಪ್ರಕಾರ, ಒಮ್ಮೆ ಉಸಿರಾಡಿದರೂ ಕ್ಯಾನ್ಸರ್ ಖಚಿತ.

ವಾಸ್ತವ: ಮೂಗು ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ, ಅದನ್ನು ಮೀಟರಿನಂತೆ ನಂಬಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು; ಅಪಾಯ ಎಷ್ಟೆಂಬುದು ಪ್ರಮಾಣ ಮತ್ತು ಕಾಲವನ್ನು ಅವಲಂಬಿಸಿದೆ. ನಮ್ಮ ದೇಹವೇ ದಿನವೂ ಒಂದಿಷ್ಟು ಫಾರ್ಮಾಲ್ಡಿಹೈಡ್ ತಯಾರಿಸಿ ಕರಗಿಸಿಕೊಳ್ಳುತ್ತದೆ. ಆದರೆ ಟ್ಯಾಂಕರ್ ತುಂಬಿಸುವ ಕಾರ್ಮಿಕ ವರ್ಷಗಟ್ಟಲೆ ಉಸಿರಾಡುವುದು ಬೇರೆ ಮಾತು. ಅಮೆರಿಕದ ಕಾನೂನು ಎಂಟು ಗಂಟೆಯ ಸರಾಸರಿಗೆ ಹಾಕಿರುವ ಮಿತಿ ಹತ್ತು ಲಕ್ಷದಲ್ಲಿ 0.75 ಭಾಗ. ತುಂಬಿಸುವ ಜಾಗದಲ್ಲಿ ಆವಿ ಹಿಡಿದು ಒಳಕ್ಕೇ ಮರಳಿಸುವ ಕೊಳವೆಯನ್ನು ನಕ್ಷೆಯಲ್ಲಿ ಬರೆಯದಿರುವುದು ನಮ್ಮ ಕಣ್ಣಿಗೆ ದೊಡ್ಡ ತಪ್ಪು.

ತಪ್ಪು ಕಲ್ಪನೆ: ಮೀನಿನ ಮೇಲೆ ನೊಣ ಕೂರದಿದ್ದರೆ ಅದಕ್ಕೆ ಫಾರ್ಮಾಲಿನ್ ಹಾಕಿದ್ದಾರೆ.

ವಾಸ್ತವ: ಈ ಪ್ರಾಜೆಕ್ಟ್ ಮಾಡುವವರನ್ನು ಮನೆಯವರು ಮೊದಲು ಕೇಳುವುದೇ ಇದನ್ನು. ಭಯಕ್ಕೆ ಆಧಾರವಿದೆ: 2018ರಲ್ಲಿ ಕೇರಳದ ಗಡಿಯಲ್ಲಿ ಫಾರ್ಮಾಲಿನ್ ಬೆರೆತ ಮೀನಿನ ಲೋಡುಗಳು ಸಿಕ್ಕಿದ್ದವು. ಆದರೆ ಮಂಜುಗಡ್ಡೆಯಲ್ಲಿ ಚೆನ್ನಾಗಿಟ್ಟ ಮೀನಿಗೂ ನೊಣ ಮುತ್ತುವುದು ಕಡಿಮೆ. ಜೊತೆಗೆ, ಬೊಂಬಿಲ್‌ನಂಥ ಕೆಲವು ಕಡಲ ಮೀನುಗಳಲ್ಲಿ ಯಾರೂ ಏನೂ ಹಾಕದೆಯೇ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಅವುಗಳ ಮಾಂಸದಲ್ಲಿರುವ ಟ್ರೈಮೀಥೈಲಮೀನ್ ಆಕ್ಸೈಡ್ ಒಡೆಯುವುದರಿಂದ. ಇದೆ ಅಥವಾ ಇಲ್ಲ ಎಂದರೆ ಸಾಲದು, ಎಷ್ಟಿದೆ ಎಂದು ನೋಡಬೇಕು. ಅನುಮಾನ ಬಂದಾಗ ತಕ್ಷಣ ಪರೀಕ್ಷಿಸಲು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯ ಕಿಟ್ ಇದೆ. ನಿಖರ ಪ್ರಮಾಣಕ್ಕೆ ಪ್ರಯೋಗಾಲಯಕ್ಕೇ ಕಳಿಸಬೇಕು.