ವಯೋಮಾನ ಮತ್ತು ಮೂತ್ರಪಿಂಡಗಳ ಕಾರ್ಯಕ್ಷಮತೆ

ಹಳೆಯ ಮದ್ರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಟಿನ್ ಫ್ಯಾಕ್ಟರಿಯಲ್ಲಿ ಬಿಸಿಲಲ್ಲಿ ಬಸ್ಸಿಗೆ ಕಾಯುವ ಯುವಕನಿಗೂ ವೃದ್ಧನಿಗೂ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 1.0 ಮಿ.ಗ್ರಾಂ. ಎಂದೇ ಬರಬಹುದು. ಅಂಕಿ ಒಂದೇ, ಅರ್ಥ ಬೇರೆ.

ಆರೋಗ್ಯವಂತ ವಯಸ್ಕರ ಪ್ರತಿ ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳಿರುತ್ತವೆ. ಹೃದಯವು ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಭಾಗ ಮೂತ್ರಪಿಂಡಗಳಿಗೆ ಹರಿಯುತ್ತದೆ. ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಲ್ಪಟ್ಟು, ಶೇ. 99ರಷ್ಟು ಮರುಹೀರಲ್ಪಟ್ಟು, ಉಳಿದ ಒಂದೂವರೆ ಲೀಟರಿನಷ್ಟು ಮೂತ್ರವಾಗುತ್ತದೆ. ತಾರುಣ್ಯದಲ್ಲಿ ಶೋಧನ ದರ, 1.73 ಚದರ ಮೀಟರ್ ದೇಹಮೇಲ್ಮೈಗೆ, ನಿಮಿಷಕ್ಕೆ ಸುಮಾರು 100ರಿಂದ 120 ಮಿ.ಲೀ.

ನಲವತ್ತರ ಅನಂತರ ಈ ದರ ವರ್ಷಕ್ಕೆ ಸರಾಸರಿ ಒಂದು ಮಿ.ಲೀ.ನಷ್ಟು ಕುಗ್ಗುತ್ತದೆ, ಆದರೆ ಎಲ್ಲರಲ್ಲಿಯೂ ಅಲ್ಲ. 1985ರಲ್ಲಿ ವರದಿಯಾದ ಅಮೆರಿಕದ ಬಾಲ್ಟಿಮೋರ್ ದೀರ್ಘಾವಧಿ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗದವರಲ್ಲಿ ಇಳಿಕೆಯೇ ಕಾಣಲಿಲ್ಲ.

ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುತ್ತದೆ. ಮುಪ್ಪಿನಲ್ಲಿ ಸ್ನಾಯು ಕ್ಷೀಣಿಸಿ ಅದರ ಉತ್ಪತ್ತಿ ತಗ್ಗುವುದರಿಂದ ಶೋಧನೆಯ ಇಳಿಕೆ ಮರೆಯಾಗುತ್ತದೆ. 2021ರ ಅಂದಾಜು ಸೂತ್ರದಂತೆ ಮೇಲಿನ ಅಂಕಿಯು 25ರ ಪುರುಷನಲ್ಲಿ ಸುಮಾರು 107, 75ರ ಪುರುಷನಲ್ಲಿ ಸುಮಾರು 78 ಮಿ.ಲೀ. ದರವನ್ನು ಸೂಚಿಸುತ್ತದೆ. ಇದು ತಾನಾಗಿ ರೋಗವಲ್ಲ. ಮೀಸಲು ಸಾಮರ್ಥ್ಯದ ಇಳಿಕೆ. ಬಾಯಾರಿಕೆಯ ಅರಿವೂ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿಯೂ ಕುಂದಿದ ವೃದ್ಧರಿಗೆ ನೀರಿನ ಕೊರತೆ ಮತ್ತು ನೋವುನಿವಾರಕಗಳು ಬೇಗ ಹಾನಿ ಮಾಡಬಲ್ಲವು. ಆದುದರಿಂದ ಮೂತ್ರಪಿಂಡಗಳ ಮೂಲಕ ವಿಸರ್ಜನೆಯಾಗುವ ಔಷಧಗಳ ಪ್ರಮಾಣವನ್ನು ಕ್ರಿಯಾಟಿನಿನ್ ಅಂಕಿಯೊಂದನ್ನೇ ನಂಬದೆ, ಶೋಧನ ದರವನ್ನು ಅಂದಾಜಿಸಿ ನಿರ್ಧರಿಸುವುದು ಯುಕ್ತ.