ನಕ್ಷೆಯಲ್ಲಿ ಕಾಣದ ತಂತಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯುತ್ತದೆ. ಯಾರ ಕಣ್ಣಿಗೂ ಬೀಳದ ತೂಬೊಂದು ತೆರೆದಿದ್ದರೆ ಬೇಡದ ಹೊಲಕ್ಕೂ ನೀರು ನುಗ್ಗೀತು. ಇದು ಯಾದಗಿರಿ ಜಿಲ್ಲೆಯ ರೈತರ ಮಕ್ಕಳಿಗೆ ಹೇಳಿಕೊಡಬೇಕಾದ ಮಾತಲ್ಲ. ಎಲೆಕ್ಟ್ರಾನಿಕ್ ಸರ್ಕಿಟ್‌ನ ನಕ್ಷೆಯಲ್ಲೂ ಇಂಥ ತೂಬುಗಳುಂಟು.

ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪರಿಚಿತವಾದ 7400 ಐಸಿಗೆ 14 ಕಾಲುಗಳು. 14ನೆಯದಕ್ಕೆ 5 ವೋಲ್ಟ್, 7ನೆಯದಕ್ಕೆ ಗ್ರೌಂಡ್. ನಕ್ಷೆ ಬರೆಯುವ ತಂತ್ರಾಂಶಗಳ ಹಳೆಯ ಚಿಹ್ನೆಗಳಲ್ಲಿ ಇವೆರಡೂ ಅನೇಕ ಸಲ ಅಡಗಿರುತ್ತವೆ. 14ನೆಯ ಕಾಲು ‘ವಿಸಿಸಿ’ ಹೆಸರಿನ ತಂತಿಗೆ ತಾನಾಗಿಯೇ ಸೇರಿಕೊಳ್ಳುತ್ತದೆ. ವಿದ್ಯಾರ್ಥಿ ಆ ಹೆಸರನ್ನು 9 ವೋಲ್ಟ್ ಬ್ಯಾಟರಿಯ ತಂತಿಗೆ ಇಟ್ಟಿದ್ದರೆ? ಐಸಿ ತಾಳುವ ಗರಿಷ್ಠ ಮಿತಿ 7 ವೋಲ್ಟ್. ಅದು ಕೆಟ್ಟಂತೆಯೇ!

ಪತ್ತೆ ಹೇಗೆ? ತಂತ್ರಾಂಶದಿಂದ ನೆಟ್‌ಲಿಸ್ಟ್ ತೆಗೆದು, ಪ್ರತಿ ವಿದ್ಯುತ್ ತಂತಿಯ ಹೆಸರಿನಡಿ ಯಾವ ಕಾಲುಗಳಿವೆ ಎಂದು ಓದಬೇಕು. ಇರಬಾರದ ಕಾಲು ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಟರಿಯ ತಂತಿಗೆ ಬೇರೆ ಹೆಸರಿಡಬೇಕು. ಬೋರ್ಡ್ ಸಿದ್ಧವಾದ ಮೇಲೆ, ವಿದ್ಯುತ್ ಕೊಡುವ ಮುನ್ನ, 14ನೆಯ ಕಾಲಿಗೂ ಬ್ಯಾಟರಿ ತಂತಿಗೂ ನೇರ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು.

1992ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಕೀಕ್ಯಾಡ್ ತಂತ್ರಾಂಶ ಉಚಿತ. ಅಭ್ಯಾಸಕ್ಕೆ ಅದೇ ಸಾಕು. ಮಗ ಅಥವಾ ಮಗಳು ಹೊಸ ಐಸಿಗೆ ಹಣ ಕೇಳಿದಾಗ ಪಾಲಕರು ಒಂದು ಮಾತು ಕೇಳಲಿ: ‘ನೆಟ್‌ಲಿಸ್ಟ್ ಓದಿದೆಯಾ?’