ಹದಿನಾಲ್ಕು ತಿರುವಿಗೆ ಯಾವ ಹಾಡು?

ಹೀರೋಗೊಂದು ಬೈಕು, ಹಿಂದೆ ನಾಯಕಿ, ಮುಂದೆ ಬೆಟ್ಟ, ಮೇಲೆ ಮೋಡ – ಇಷ್ಟಿದ್ದರೆ ಸಾಕು, ನಮ್ಮ ನಿರ್ದೇಶಕರು ಅಲ್ಲೊಂದು ಹಾಡು ಇಟ್ಟೇ ಇಡ್ತಾರೆ! 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅಣ್ಣಾವ್ರು ಬೈಕೇರಿ ಹಾಡಿದ ಮೇಲೆ, ಬೈಕು ಹತ್ತಿದರೆ ಗುನುಗಲೇಬೇಕು ಅಂತ ನಂಬಿದ ತಲೆಮಾರೇ ನಮ್ಮಲ್ಲಿದೆ. ಆ ಹಾಡುಗಳಿಗೆ ರಾಗ ಹಾಕಿದವರು ರಾಜನ್-ನಾಗೇಂದ್ರ. 1987ರಲ್ಲಿ ‘ಪ್ರೇಮಲೋಕ’ ಬಂತು. ರವಿಚಂದ್ರನ್ ಮತ್ತು ಹಂಸಲೇಖ ಸೇರಿ ಆ ನಂಬಿಕೆಗೆ ಇನ್ನಷ್ಟು ಪೆಟ್ರೋಲು ಸುರಿದರು.

ಆದರೆ ಮಿತ್ರರೇ, ಒಂದು ವ್ಯತ್ಯಾಸ ಇದೆ. ಸಿನಿಮಾದ ಬೆಟ್ಟದ ರಸ್ತೆಯಲ್ಲಿ ತಿರುವಿನಾಚೆಯಿಂದ ಲಾರಿ ಬರೋದಿಲ್ಲ. ನಮ್ಮ ಘಾಟಿಯಲ್ಲಿ ಬರುತ್ತೆ!

ಅದಕ್ಕೇ ಈ ವಾರ ಒಂದು ಸವಾರಿಯ ಜೊತೆಗೆ ಅದಕ್ಕೊಪ್ಪುವ ಹಾಡುಗಳ ಪಟ್ಟಿ ಕೊಡ್ತಾ ಇದ್ದೇವೆ. ಜೊತೆಗೆ, ಯಾವಾಗ ಹಾಡು ನಿಲ್ಲಿಸಬೇಕು ಅನ್ನೋದನ್ನೂ ಹೇಳ್ತೇವೆ. ಸವಾರಿಯ ಅರ್ಧ ಗುಟ್ಟು ಅಲ್ಲೇ ಇರೋದು.

ಒಂದು ಇಳಿತ, ಒಂದು ಏರು

ದಾರಿ ಹೀಗೆ: ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಘಾಟಿ ಇಳಿಯೋದು. ಸೋಮೇಶ್ವರ, ಹೆಬ್ರಿ, ಕಾರ್ಕಳದ ಮೇಲೆ ಬೆಳ್ತಂಗಡಿ ಸೇರೋದು. ಅಲ್ಲಿಂದ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರೋದು. ಒಂದು ಘಾಟಿ ಇಳಿದು ಇನ್ನೊಂದು ಹತ್ತಿದಂತಾಯಿತು.

ತೀರ್ಥಹಳ್ಳಿಯಿಂದ ಆಗುಂಬೆವರೆಗೆ ರಸ್ತೆ ಕಾಡಿನ ನಡುವೆ ತಣ್ಣಗೆ ಸಾಗುತ್ತೆ. ಇಲ್ಲಿ ‘ಗಂಧದ ಗುಡಿ’ (1973) ಹಾಕದೆ ಇನ್ನೇನು ಹಾಕ್ತೀರಿ? ಅರಣ್ಯಾಧಿಕಾರಿಯಾಗಿ ಅಣ್ಣಾವ್ರು, ಕಂಠದಾನಕ್ಕೆ ಪಿ.ಬಿ. ಶ್ರೀನಿವಾಸ್, ಸಾಹಿತ್ಯಕ್ಕೆ ಚಿ. ಉದಯಶಂಕರ್. ಅದೇ ಹೆಸರಿನಲ್ಲಿ ಅಪ್ಪು ನಮ್ಮ ನಾಡಿನ ಕಾಡು-ಕಡಲು ಸುತ್ತಿದ ಚಿತ್ರ 2022ರ ಅಕ್ಟೋಬರಿನಲ್ಲಿ ತೆರೆಗೆ ಬಂತು. ಅಷ್ಟರಲ್ಲಿ ಅವರು ನಮ್ಮನ್ನಗಲಿ ಒಂದು ವರ್ಷವೇ ಆಗಿತ್ತು. ಅಪ್ಪನ ಚಿತ್ರದ ಹಾಡು ಮುಗಿದ ಮೇಲೆ ಮಗನ ಚಿತ್ರದ ಅಜನೀಶ್ ಲೋಕನಾಥ್ ಸಂಗೀತ ಕೇಳಿ. ಕಣ್ಣು ಒದ್ದೆಯಾದರೆ ಗಾಡಿ ಪಕ್ಕಕ್ಕೆ ಹಾಕಿ!

ಶಂಕರಣ್ಣನ ಊರು

ಆಗುಂಬೆ ಅಂದಕೂಡಲೇ ನೆನಪಾಗೋದು ಶಂಕರ್‌ನಾಗ್. ಆರ್.ಕೆ. ನಾರಾಯಣ್ ಕಲ್ಪನೆಯ ಮಾಲ್ಗುಡಿಯನ್ನು ಅವರು ಕಟ್ಟಿ ನಿಲ್ಲಿಸಿದ್ದು ಇಲ್ಲೇ. 1986ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಶುರುವಾದಾಗ ಎಲ್. ವೈದ್ಯನಾಥನ್ ಅವರ ಆ ಪುಟ್ಟ ರಾಗ ದೇಶದ ಮನೆಮನೆ ಹೊಕ್ಕಿತು. ಊರಿನ ಬೀದಿಯಲ್ಲಿ ನಿಧಾನಕ್ಕೆ ಗಾಡಿ ಬಿಡುತ್ತಾ ಅದನ್ನೇ ಶಿಳ್ಳೆ ಹಾಕಿ ನೋಡಿ. ಆಮೇಲೆ ಅವರದೇ ‘ಗೀತಾ’ (1981) ಹಾಡುಗಳಿದ್ದೇ ಇವೆ. ಇಳಯರಾಜಾ ಕೊಟ್ಟ ಆ ರಾಗಗಳಿಗೆ ಈಗಲೂ ವಯಸ್ಸಾಗಿಲ್ಲ.

ಊರು ದಾಟಿ ಸೂರ್ಯಾಸ್ತದ ಕಟ್ಟೆ ಬಂತೋ, ಹಾಡು ಬಂದ್! ಮುಂದೆ ಹದಿನಾಲ್ಕು ಹಿಮ್ಮುರಿ ತಿರುವುಗಳು. ದೊಡ್ಡ ಬಸ್ಸು ತಿರುಗೋದೇ ಕಷ್ಟವಾದ್ದರಿಂದ ಇಲ್ಲಿ ಮಿನಿ ಬಸ್ಸುಗಳದ್ದೇ ಕಾರುಬಾರು. ಎದುರಿನವನ ಹಾರನ್ನು ಕಿವಿಗೆ ಬಿದ್ದರೆ ನೀವು ಗೆದ್ದಿರಿ. ಕಿವಿಯಲ್ಲಿ ಇಯರ್‌ಫೋನು ಇದ್ದರೆ ಅದು ಬೀಳೋದು ಹೇಗೆ?

ಇನ್ನೊಂದು: ಪೆಟ್ರೋಲು ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವ ಜಾಣರಿದ್ದಾರೆ. ಹಾಗೆ ಇಳಿದರೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಒತ್ತಿ ಒತ್ತಿ ಬ್ರೇಕು ಕಾದು ಹಿಡಿತ ಕಳ್ಕೊಳ್ಳುತ್ತೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು – ಹಳೇ ಡ್ರೈವರುಗಳ ಈ ಸೂತ್ರ ಇವತ್ತಿಗೂ ಸುಳ್ಳಾಗಿಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತೆ, ಅದರ ಗುರ್ ಗುರ್ ಸದ್ದೇ ಆಗ ನಿಮ್ಮ ಸಂಗೀತ.

ಬುದ್ಧಿ ಹೇಳೋದು ಜಾಸ್ತಿಯಾಯ್ತು ಅಂತೀರಾ? 1990ರ ಸೆಪ್ಟೆಂಬರ್ 30ನ್ನು ನೆನಪಿಸಿಕೊಳ್ಳಿ. ದಾವಣಗೆರೆ ಹತ್ತಿರದ ಆನಗೋಡು. ಅದು ಘಾಟಿಯೂ ಅಲ್ಲ, ಬಯಲುಸೀಮೆಯ ಹೆದ್ದಾರಿ. ‘ಆಟೋ ರಾಜ’ನಾಗಿ ಚಾಲಕರ ಎದೆಯಲ್ಲಿ ಕೂತ ಶಂಕರಣ್ಣ ಅಲ್ಲಿ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಆಗ ವಯಸ್ಸು ಬರೀ 35. ಆಟೋ ಹಿಂದೆ ಇಂದಿಗೂ ಅವರ ಚಿತ್ರ ಅಂಟಿಸುವವರು, ರಸ್ತೆಯ ಮೇಲೆ ಒಂದಿಷ್ಟು ಗೌರವವನ್ನೂ ಅಂಟಿಸಿಕೊಳ್ಳಬೇಡವೇ?

ಚಾರ್ಮಾಡಿಯ ಮಳೆ

ಕಾರ್ಕಳ, ಬೆಳ್ತಂಗಡಿಯ ಬಯಲು ದಾರಿಯಲ್ಲಿ ನಿಮ್ಮಿಷ್ಟದ ಕುಣಿತದ ಹಾಡು ಹಾಕ್ಕೊಳ್ಳಿ, ನಮ್ಮ ತಕರಾರಿಲ್ಲ. ಚಾರ್ಮಾಡಿಗೆ ಮಾತ್ರ ಮಳೆಯ ಹಾಡೇ ಆಗ್ಬೇಕು! ಮಳೆಗಾಲದಲ್ಲಿ ರಸ್ತೆಯ ಪಕ್ಕದಲ್ಲೇ ಬಂಡೆಗಳಿಂದ ನೀರು ಧುಮುಕುತ್ತೆ, ಮಂಜು ಬಂದು ಮುಂದಿನ ಗಾಡಿಯನ್ನೇ ನುಂಗುತ್ತೆ. 2006ರ ಡಿಸೆಂಬರಿನಲ್ಲಿ ಬಂದ ‘ಮುಂಗಾರು ಮಳೆ’ ಇಂಥದ್ದೇ ಮಳೆಯನ್ನು ಸಕಲೇಶಪುರ, ಮಡಿಕೇರಿ, ಜೋಗದಲ್ಲಿ ಹಿಡಿದು ತಂದಿತ್ತು. ಯೋಗರಾಜ ಭಟ್ಟರ ಕಣ್ಣು, ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಪದ – ಆ ಮಳೆ ಇನ್ನೂ ನಿಂತಿಲ್ಲ.

ಮಳೆ ಚೆಂದ, ಆದರೆ ಮುನಿದರೆ ಕಷ್ಟ. 2019ರ ಆಗಸ್ಟಿನಲ್ಲಿ ಇದೇ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಕುಸಿದು ರಸ್ತೆಯೇ ಬಂದ್ ಆಯಿತು. ಹೊರಡುವ ಮುಂಚೆ ಘಾಟಿ ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ. ಜಲಪಾತದ ಮುಂದೆ ತಿರುವಿನಲ್ಲೇ ಬೈಕು ನಿಲ್ಲಿಸಿ, ಜಾರುವ ಬಂಡೆ ಹತ್ತಿ ಹೀರೋ ಆಗಲು ಹೋಗಬೇಡಿ. ಸಿನಿಮಾದಲ್ಲಿ ಬೀಳೋದಕ್ಕೆ ಡ್ಯೂಪ್ ಇರ್ತಾನೆ, ಇಲ್ಲಿ ಯಾರಿದ್ದಾರೆ ಸ್ವಾಮಿ?

ಮೇಲೆ ಕೊಟ್ಟಿಗೆಹಾರದ ಬಳಿ ‘ಮಲಯ ಮಾರುತ’ ಅನ್ನುವ ಅತಿಥಿಗೃಹವಿದೆ. ಆ ಹೆಸರಿನದೊಂದು ಬೆಳಗಿನ ರಾಗವೂ ಉಂಟು. 1986ರಲ್ಲಿ ವಿಷ್ಣುವರ್ಧನ್ ಗಾಯಕನಾಗಿ ಅಭಿನಯಿಸಿದ ಚಿತ್ರವೂ ಉಂಟು, ಸಂಗೀತ ವಿಜಯಭಾಸ್ಕರ್ ಅವರದು. ಏರು ಮುಗಿದು ತಂಗಾಳಿ ಮುಖಕ್ಕೆ ಬಡಿಯುವಾಗ ಆ ಚಿತ್ರದ ಹಾಡು ಹಾಕಿ, ಕೊಟ್ಟಿಗೆಹಾರದ ಬಿಸಿಬಿಸಿ ನೀರುದೋಸೆಗೆ ಕೈ ಹಾಕಿ. ಸ್ವರ್ಗಕ್ಕೆ ಬೇರೆ ಟಿಕೆಟ್ ಬೇಕೇ?

ಹೊರಡುವ ಮುನ್ನ

* ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತೆ. ಹಾಡುಗಳನ್ನು ಮನೆಯಲ್ಲೇ ಇಳಿಸಿಕೊಳ್ಳಿ.

* ಹಾಡು ಬದಲಿಸುವ ಕೆಲಸ ಪಕ್ಕದವನದು. ಬೈಕಿನವರು ಗಾಡಿ ನಿಲ್ಲಿಸಿದಾಗ ಮಾತ್ರ ಕೇಳಲಿ.

* ಕಿರಿದಾದ ಕಡೆ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯಲ್ಲ, ಕಾನೂನು.

* ಕೋತಿ, ಸಿಂಗಳೀಕಗಳಿಗೆ ತಿಂಡಿ ಎಸೆಯಬೇಡಿ. ಆ ಆಸೆಗೆ ಅವು ರಸ್ತೆಗಿಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ. ಬಾಟಲಿ, ಪ್ಲಾಸ್ಟಿಕ್ಕು ವಾಪಸ್ ತನ್ನಿ.

* ಮಂಜು ಕವಿದರೆ ಹೆಡ್‌ಲೈಟ್ ಡಿಮ್ ಮಾಡಿ, ವೇಗ ಇಳಿಸಿ, ಹಾಡು ನಿಲ್ಲಿಸಿ.

ಅಂದ್ಹಾಗೆ, ನಿಮ್ಮ ಪಟ್ಟಿಯ ಕೊನೆಯ ಹಾಡನ್ನು ಘಾಟಿಗೆ ಖರ್ಚು ಮಾಡಬೇಡಿ. ಮನೆ ಬಾಗಿಲಿಗೆ ಬಂದು, ಗಾಡಿಗೆ ಸ್ಟ್ಯಾಂಡ್ ಹಾಕಿ, ಅವ್ವ ಕೊಟ್ಟ ಕಾಫಿ ಹೀರುತ್ತಾ ಕೇಳಿ. ಏನಂತೀರಿ?